ಸ್ವಂತ ಕರ್ನಲ್ ಕಟ್ಟಿದ ಮೇಲೆ ಪೆನ್‌ಡ್ರೈವ್ ಕಾಣುತ್ತಿಲ್ಲ, ಯಾವ ಆಯ್ಕೆ ಬಿಟ್ಟುಹೋಗಿದೆ?

ಕಲಿಕೆಯ_ಹಾದಿ

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಲಿನಕ್ಸ್ ಕರ್ನಲ್ (ಸಿಸ್ಟಂನ ತಿರುಳು) ಅನ್ನು ನಾನೇ ಕಂಪೈಲ್ ಮಾಡಿದ್ದೇನೆ. ಲಿನಕ್ಸ್ ವಿತರಣೆಯ (ಡಿಸ್ಟ್ರೋ) ಜೊತೆ ಬಂದ ಕಾನ್ಫಿಗ್, ಅಂದರೆ ಕರ್ನಲ್ ಆಯ್ಕೆಗಳ ಪಟ್ಟಿ, ತುಂಬಾ ದೊಡ್ಡದಿತ್ತು. ಅದಕ್ಕೆ, ಆ ಪಟ್ಟಿಯನ್ನು ಚಿಕ್ಕದು ಮಾಡುವ ಲೋಕಲ್‌ಮಾಡ್‌ಕಾನ್ಫಿಗ್ ಓಡಿಸಿ, ಅದು ಕೇಳಿದ ಪ್ರಶ್ನೆಗಳಿಗೆಲ್ಲ ಎಂಟರ್ ಒತ್ತಿ, ಸಣ್ಣ ಕರ್ನಲ್ ಮಾಡಿಕೊಂಡೆ. ಬೂಟ್ ಚೆನ್ನಾಗಿ ಆಗುತ್ತದೆ. ವೈಫೈ, ಸೌಂಡ್, ಗ್ರಾಫಿಕ್ಸ್ ಎಲ್ಲ ಸರಿ ಇವೆ.

ಆದರೆ ಪೆನ್‌ಡ್ರೈವ್ ಹಾಕಿದರೆ ಅದರ ದೀಪ ಮಾತ್ರ ಹೊತ್ತುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ಏನೂ ಬರುವುದಿಲ್ಲ. ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟರೂ ಒಳಗಿನ ಡಿಸ್ಕ್ ಬಿಟ್ಟು ಬೇರೇನೂ ಇಲ್ಲ. ಹಳೇ ಕರ್ನಲ್‌ಗೆ ಹೋದರೆ ಅದೇ ಪೆನ್‌ಡ್ರೈವ್ ಸರಿಯಾಗಿ ತೆರೆಯುತ್ತದೆ.

ಹುಡುಕಿದಾಗ ಒಂದು ಹಳೇ ಬರಹ ಸಿಕ್ಕಿತು. "ಪ್ರೋಬ್ ಆಲ್ ಲನ್ಸ್" ಎಂಬ ಸ್ಕಸಿ (ಡಿಸ್ಕ್‌ಗಳಿಗೆ ಆಜ್ಞೆ ಕೊಡುವ ಪದ್ಧತಿ) ಆಯ್ಕೆ ಹಾಕಿ ಎಂದು ಅದರಲ್ಲಿತ್ತು. ಕರ್ನಲ್ ಆಯ್ಕೆಗಳ ಮೆನು ಆದ ಮೆನುಕಾನ್ಫಿಗ್‌ನಲ್ಲಿ ಎಷ್ಟು ಹುಡುಕಿದರೂ ಅದು ಸಿಗುತ್ತಿಲ್ಲ. ಯಾವ ಆಯ್ಕೆ ಹಾಕಬೇಕು ಅಂತ ಯಾರಾದರೂ ಹೇಳಿ.

ಹಳೇ_ಕೀಬೋರ್ಡ್

ಮೊದಲು ಆ ಹಳೇ ಬರಹವನ್ನು ಬದಿಗಿಡಿ. ಅದರಲ್ಲಿ ಹೇಳಿದ್ದು ಮಲ್ಟಿ ಲನ್ ಆಯ್ಕೆ (ಲನ್ ಅಂದರೆ ಒಂದೇ ಸಾಧನದೊಳಗಿನ ಬೇರೆ ಬೇರೆ ಡಿಸ್ಕ್‌ಗಳ ಸಂಖ್ಯೆ), ಅದನ್ನು ಕರ್ನಲ್‌ನಿಂದ ತೆಗೆದು ಎಷ್ಟೋ ವರ್ಷ ಆಯಿತು. ಅದು ಮಾಡುತ್ತಿದ್ದ ಕೆಲಸ ಈಗ ತಾನಾಗಿಯೇ ಆಗುತ್ತದೆ. ಮೆನುವಿನಲ್ಲಿ ಸಿಗದಿರುವುದು ನಿಮ್ಮ ತಪ್ಪಲ್ಲ.

ಇನ್ನು "ಯಾವ ಆಯ್ಕೆ" ಅಂತ ಕೇಳಿದ್ದೀರಿ. ಎಲ್ಲರೂ ಹೀಗೇ ಕೇಳುತ್ತಾರೆ, ಎಡವುವುದೂ ಇಲ್ಲೇ. ಪೆನ್‌ಡ್ರೈವ್ ಕಾಣಿಸಲು ಒಂದು ಆಯ್ಕೆ ಸಾಲದು. ಅದೊಂದು ಸರಪಳಿ. ಯಾವ ಕೊಂಡಿ ಕಳಚಿದೆ ಅಂತ ಗೊತ್ತಾಗದೆ ಸುಮ್ನೆ ಒಂದೊಂದೇ ಆಯ್ಕೆ ಹಾಕುತ್ತಾ ಹೋದರೆ ದಿನಗಟ್ಟಲೆ ಕಂಪೈಲ್ ಮಾಡುತ್ತಾ ಕೂರಬೇಕಾಗುತ್ತದೆ.

ಸರಪಳಿ ಹೀಗಿದೆ. ಮೊದಲನೆಯದು ಯುಎಸ್‌ಬಿ ಪೋರ್ಟ್‌ಗಳನ್ನು ನಡೆಸುವ ಹೋಸ್ಟ್ ಕಂಟ್ರೋಲರ್‌ನ ಡ್ರೈವರ್. ಈಗಿನ ಯಂತ್ರಗಳಲ್ಲಿ ಎಕ್ಸ್‌ಎಚ್‌ಸಿಐ, ಹಳೆಯದರಲ್ಲಿ ಇಎಚ್‌ಸಿಐ, ಇನ್ನೂ ಹಳೆಯದರಲ್ಲಿ ಓಎಚ್‌ಸಿಐ ಅಥವಾ ಯುಎಚ್‌ಸಿಐ. ಇದಿಲ್ಲದಿದ್ದರೆ ಪೋರ್ಟ್‌ಗೆ ಜೀವವೇ ಇಲ್ಲ. ಅದಾದ ಮೇಲೆ ಯುಎಸ್‌ಬಿ ಸ್ಟೋರೇಜ್ ಡ್ರೈವರ್. ಪೆನ್‌ಡ್ರೈವ್ ತನ್ನ ಪರಿಚಯ ಹೇಳುವಾಗ "ನಾನು 8ನೇ ವರ್ಗದವನು" ಅನ್ನುತ್ತದೆ, ಅಂದರೆ ಮಾಸ್ ಸ್ಟೋರೇಜ್. ಆ ಮಾತು ಕೇಳಿ ಮುಂದೆ ಬರುವುದು ಈ ಡ್ರೈವರ್.

ಮುಂದಿನದನ್ನು ಹೊಸಬರು ಊಹಿಸಿರುವುದಿಲ್ಲ. ಪೆನ್‌ಡ್ರೈವ್‌ನ ಭಾಷೆ ಸ್ಕಸಿ. ಓದು, ಬರೆ, ನಿನ್ನ ಗಾತ್ರ ಎಷ್ಟು ಅನ್ನುವ ಪ್ರತಿ ಆಜ್ಞೆಯೂ ಸ್ಕಸಿ ಆಜ್ಞೆಯೇ. ಯುಎಸ್‌ಬಿ ಸ್ಟೋರೇಜ್ ಡ್ರೈವರ್ ಅದನ್ನು 31 ಬೈಟ್‌ನ ಒಂದು ಪೊಟ್ಟಣದಲ್ಲಿ ಸುತ್ತಿ ಕಳಿಸುತ್ತದೆ. ಕೆಲಸ ಮುಗಿದ ಮೇಲೆ 13 ಬೈಟ್‌ನ ಉತ್ತರ ಬರುತ್ತದೆ. ಹಾಗಾಗಿ ಸ್ಕಸಿ ಪದರ ಬೇಕೇ ಬೇಕು. ಸ್ಕಸಿ ಇದ್ದರೂ ಸಾಲದು. "ಸ್ಕಸಿ ಡಿಸ್ಕ್ ಸಪೋರ್ಟ್" ಬೇರೆ ಆಯ್ಕೆ. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರು ಕೊಡುವುದು ಅದು. ಇಷ್ಟಾದ ಮೇಲೆ ಪಾರ್ಟಿಶನ್ ಟೇಬಲ್ ಓದುವ ಕೋಡ್, ಆಮೇಲೆ ಫೈಲ್‌ಸಿಸ್ಟಂ.

ಹೆಚ್ಚುಕಮ್ಮಿ ಪ್ರತಿ ಕೊಂಡಿಯೂ ಡಿಮೆಸೇಜ್‌ನಲ್ಲಿ (ಕರ್ನಲ್‌ನ ಸಂದೇಶಗಳ ಪಟ್ಟಿ) ಒಂದಾದರೂ ಸಾಲು ಬರೆಯುತ್ತದೆ. ಯಾವ ಸಾಲಿಗೆ ನಿಂತಿದೆ ನೋಡಿದರೆ ಸಾಕು. ಪೆನ್‌ಡ್ರೈವ್ ಹಾಕಿ, ಡಿಮೆಸೇಜ್‌ನ ಕೊನೆಯ ಸಾಲುಗಳನ್ನು ಇಲ್ಲಿ ಹಾಕಿ. ಯುಎಸ್‌ಬಿ ಸಾಧನಗಳನ್ನು ತೋರಿಸುವ ಎಲ್‌ಎಸ್‌ಯುಎಸ್‌ಬಿಗೆ ಹೈಫನ್ ಟಿ ಕೊಟ್ಟು ಬಂದದ್ದನ್ನೂ ಹಾಕಿ.

ಮಳೆಹನಿ

ಒಂದು ಪ್ರಶ್ನೆ. ಲೋಕಲ್‌ಮಾಡ್‌ಕಾನ್ಫಿಗ್ ಓಡಿಸುವಾಗ ಪೆನ್‌ಡ್ರೈವ್ ಹಾಕಿದ್ದಿರಾ?

ಕಲಿಕೆಯ_ಹಾದಿ

ಇಲ್ಲ ಮೇಡಂ, ಹಾಕಿರಲಿಲ್ಲ. ಹಾಕಬೇಕು ಅಂತ ಗೊತ್ತೇ ಇರಲಿಲ್ಲ.

ಸರ್, ನೀವು ಕೇಳಿದ್ದು ಇಲ್ಲಿದೆ. ಡಿಮೆಸೇಜ್‌ನಲ್ಲಿ "ನ್ಯೂ ಹೈಸ್ಪೀಡ್ ಯುಎಸ್‌ಬಿ ಡಿವೈಸ್... ಯೂಸಿಂಗ್ ಎಕ್ಸ್‌ಎಚ್‌ಸಿಐ" ಅಂತ ಬರುತ್ತದೆ. ಆಮೇಲೆ ತಯಾರಕರ ಹೆಸರು, ಸೀರಿಯಲ್ ನಂಬರ್. ಅಲ್ಲಿಗೆ ನಿಂತುಹೋಗುತ್ತದೆ. ಎಲ್‌ಎಸ್‌ಯುಎಸ್‌ಬಿಯಲ್ಲಿ "ಕ್ಲಾಸ್ ಮಾಸ್ ಸ್ಟೋರೇಜ್" ಅಂತ ಇದೆ. ಅದರ ಪಕ್ಕ ಡ್ರೈವರ್ ಅನ್ನುವ ಜಾಗದಲ್ಲಿ ಯಾವ ಹೆಸರೂ ಇಲ್ಲ.

ಮಳೆಹನಿ

ಹಾಗಾದರೆ ಕಾರಣ ಸಿಕ್ಕಿತು. ಲೋಕಲ್‌ಮಾಡ್‌ಕಾನ್ಫಿಗ್ ಮಾಡುವುದು ಇಷ್ಟೇ: ಆ ಕ್ಷಣದಲ್ಲಿ ಯಾವ ಮಾಡ್ಯೂಲ್‌ಗಳು (ಬೇಕಾದಾಗ ಕರ್ನಲ್‌ಗೆ ಸೇರಿಕೊಳ್ಳುವ ತುಂಡುಗಳು) ಲೋಡ್ ಆಗಿವೆ ನೋಡಿ, ಉಳಿದವನ್ನು ಕಾನ್ಫಿಗ್‌ನಿಂದ ಕೈಬಿಡುತ್ತದೆ. ಪೆನ್‌ಡ್ರೈವ್ ಹಾಕಿರದಿದ್ದರೆ ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್ ಲೋಡ್ ಆಗಿರುವುದಿಲ್ಲ. ಅದಕ್ಕೇ ಹೋಗಿದೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ವಿತರಣೆಯ ಕರ್ನಲ್‌ನಲ್ಲಿರುವಾಗಲೇ ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್, ಕಾರ್ಡ್ ರೀಡರ್‌ಗೆ ಒಂದು ಕಾರ್ಡ್, ಎಲ್ಲ ಹಾಕುತ್ತೇನೆ. ಸುಮ್ನೆ ಹಾಕಿದರೆ ಸಾಲದು, ಮೌಂಟ್ ಕೂಡ ಮಾಡಬೇಕು, ಅಂದರೆ ಒಳಗಿನ ಫೈಲ್‌ಗಳು ಕಾಣುವಂತೆ ಜೋಡಿಸಬೇಕು. ಆಗ ಫೈಲ್‌ಸಿಸ್ಟಂ ಮಾಡ್ಯೂಲ್‌ಗಳೂ ಲೋಡ್ ಆಗುತ್ತವೆ. ಆಮೇಲೆ ಲೋಕಲ್‌ಮಾಡ್‌ಕಾನ್ಫಿಗ್. ಹೊಸ ಕರ್ನಲ್‌ಗಳಲ್ಲಿ ಎಲ್‌ಎಂಸಿ ಕೀಪ್ ಎಂಬ ವೇರಿಯಬಲ್ ಕೂಡ ಇದೆ. ಅದಕ್ಕೆ ಡ್ರೈವರ್ಸ್ ಅಡಿಯ ಯುಎಸ್‌ಬಿ ಮತ್ತು ಸ್ಕಸಿ, ಹಾಗೇ ಎಫ್‌ಎಸ್, ಈ ಫೋಲ್ಡರ್‌ಗಳನ್ನು ಕೋಲನ್ ಹಾಕಿ ಕೊಟ್ಟರೆ ಅವುಗಳ ಒಳಗಿನ ಯಾವುದನ್ನೂ ಅದು ಮುಟ್ಟುವುದಿಲ್ಲ.

ಕಲಿಕೆಯ_ಹಾದಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ. ಮೊದಲಿಂದ ಮಾಡುವ ಬದಲು, ಕಲಿಯೋಣ ಅಂತ ಮೆನುಕಾನ್ಫಿಗ್‌ನಲ್ಲೇ ಹೋಗಿ "ಯುಎಸ್‌ಬಿ ಮಾಸ್ ಸ್ಟೋರೇಜ್ ಸಪೋರ್ಟ್" ಹಾಕಲು ನೋಡಿದೆ. ಅಲ್ಲಿ ಎಂ (ಮಾಡ್ಯೂಲ್) ಮಾತ್ರ ಬರುತ್ತದೆ. ವೈ (ಕರ್ನಲ್‌ನ ಒಳಗೇ) ಒತ್ತಿದರೆ ತೆಗೆದುಕೊಳ್ಳುವುದಿಲ್ಲ. ಸರಿ ಅಂತ ಎಂ ಹಾಕಿ ಕಟ್ಟಿದೆ.

ಈಗ ಡಿಮೆಸೇಜ್ ಸ್ವಲ್ಪ ಮುಂದೆ ಹೋಗಿದೆ. "ಯುಎಸ್‌ಬಿ ಮಾಸ್ ಸ್ಟೋರೇಜ್ ಡಿವೈಸ್ ಡಿಟೆಕ್ಟೆಡ್" ಅಂತ ಬಂತು. "ಸ್ಕಸಿ ಹೋಸ್ಟ್" ಅಂತ ಬಂತು. "ಡೈರೆಕ್ಟ್ ಆಕ್ಸೆಸ್" ಎಂದು ಪೆನ್‌ಡ್ರೈವ್‌ನ ಹೆಸರೂ ಬಂತು. ಆದರೆ ಎಸ್‌ಡಿಬಿ ಇನ್ನೂ ಬಂದಿಲ್ಲ!

ಹಳೇ_ಕೀಬೋರ್ಡ್

ಎರಡು ವಿಷಯ ಇವೆ.

ವೈ ಯಾಕೆ ಬರುವುದಿಲ್ಲ? ಯುಎಸ್‌ಬಿ ಸ್ಟೋರೇಜ್ ಸ್ಕಸಿಯನ್ನು ನೆಚ್ಚಿಕೊಂಡಿದೆ. ನಿಮ್ಮ ಕಾನ್ಫಿಗ್‌ನಲ್ಲಿ ಸ್ಕಸಿ ಎಂ ಆಗಿದೆ, ಅಂದರೆ ಬೂಟ್ ಆದ ಮೇಲೆ ಲೋಡ್ ಆಗುವ ಮಾಡ್ಯೂಲ್. ಕೆಳಗಿನದು ಮಾಡ್ಯೂಲ್ ಆಗಿರುವಾಗ ಅದರ ಮೇಲೆ ನಿಂತದ್ದು ಕರ್ನಲ್‌ನ ಒಳಗೇ ಕೂರಲು ಆಗದು, ಅಲ್ವಾ? ಅದಕ್ಕೇ ಮೆನು ಬಿಡುವುದಿಲ್ಲ. "ಸ್ಕಸಿ ಡಿವೈಸ್ ಸಪೋರ್ಟ್" ಅನ್ನು ವೈ ಮಾಡಿ, ಆಮೇಲೆ ಇಲ್ಲಿಗೆ ಬನ್ನಿ. ವೈ ತಾನಾಗಿ ಬರುತ್ತದೆ. ಯಾವುದಾದರೂ ಆಯ್ಕೆ ಹೀಗೆ ಹಟ ಮಾಡಿದರೆ ಅದರ ಮೇಲೆ ನಿಂತು ಪ್ರಶ್ನಾರ್ಥಕ ಚಿಹ್ನೆ ಒತ್ತಿ. "ಡಿಪೆಂಡ್ಸ್ ಆನ್" ಅನ್ನುವ ಸಾಲಿನಲ್ಲಿ ಯಾವುದು ಯಾವ ಸ್ಥಿತಿಯಲ್ಲಿದೆ ಅಂತ ಬರೆದಿರುತ್ತದೆ. ಸ್ಲ್ಯಾಶ್ ಒತ್ತಿದರೆ ಹೆಸರಿನಿಂದ ಹುಡುಕಬಹುದು.

ಎಸ್‌ಡಿಬಿ ಯಾಕೆ ಬರಲಿಲ್ಲ? ನಾನು ಹೇಳಿದ ಸರಪಳಿಯ ಸ್ಕಸಿ ಡಿಸ್ಕ್ ಕೊಂಡಿ ನಿಮ್ಮ ಕರ್ನಲ್‌ನಲ್ಲಿ ಇಲ್ಲ. ನನ್ನ ಊಹೆ, ನಿಮ್ಮ ಲ್ಯಾಪ್‌ಟಾಪ್‌ನ ಒಳಗಿನ ಡಿಸ್ಕ್ ಎನ್‌ವಿಎಂಇ, ಅಂದರೆ ಈಗಿನ ವೇಗದ ಥರದ ಎಸ್‌ಎಸ್‌ಡಿ. ಹೌದಾ? ಎನ್‌ವಿಎಂಇ ಸ್ಕಸಿ ಪದರದ ಹತ್ತಿರಕ್ಕೂ ಹೋಗುವುದಿಲ್ಲ, ಅದರ ದಾರಿಯೇ ಬೇರೆ. ಸಾಟಾ ಡಿಸ್ಕ್ ಇದ್ದಿದ್ದರೆ ಅದೂ ಎಸ್‌ಡಿ ಡ್ರೈವರ್ ಮೂಲಕವೇ ಬರುವುದರಿಂದ ಲೋಕಲ್‌ಮಾಡ್‌ಕಾನ್ಫಿಗ್ ಅದನ್ನು ಉಳಿಸಿಕೊಳ್ಳುತ್ತಿತ್ತು. ಹಿಂದೆ ಎಲ್ಲರ ಯಂತ್ರದಲ್ಲೂ ಸಾಟಾ ಇತ್ತು. ಹಾಗಾಗಿ ಹಳೇ ಬರಹಗಳಲ್ಲಿ ಈ ಮಾತು ಜಾಸ್ತಿ ಸಿಗುವುದಿಲ್ಲ. ಈಗ ಈ ತೊಂದರೆ ಪದೇ ಪದೇ ಬರುತ್ತದೆ.

ಯುಎಸ್‌ಬಿ ಮೆನುವಿನಲ್ಲೇ ಒಂದು ಟಿಪ್ಪಣಿ ಸಾಲು ಇದೆ, ನೋಡಿ. ಯುಎಸ್‌ಬಿ ಸ್ಟೋರೇಜ್‌ಗೆ ಸ್ಕಸಿ ಬೇಕು, ಸ್ಕಸಿ ಡಿಸ್ಕ್ ಕೂಡ ಬೇಕಾಗಬಹುದು ಅಂತ. ಡೆವಲಪರ್‌ಗಳು ಅದನ್ನು ಅಲ್ಲಿ ಬರೆದಿರುವುದೇ ಇಂಥ ತೊಡಕು ಬರುತ್ತದೆ ಅಂತ ಗೊತ್ತಿದ್ದು.

ಕಲಿಕೆಯ_ಹಾದಿ

ಹೌದು ಸರ್, ಎನ್‌ವಿಎಂಇ! ಸ್ಕಸಿ, ಸ್ಕಸಿ ಡಿಸ್ಕ್, ಯುಎಸ್‌ಬಿ ಸ್ಟೋರೇಜ್ ಮೂರನ್ನೂ ವೈ ಮಾಡಿ ಕಟ್ಟಿದೆ. ಎಸ್‌ಡಿಎ ಬಂತು. ಎಸ್‌ಡಿಎ1 ಕೂಡ ಬಂತು.

ಆದರೆ ಕೈಗೆ ಬಂದ ತುತ್ತು ಬಾಯಿಗೆ ಬಂದಿಲ್ಲ. ಮೌಂಟ್ ಮಾಡಿದರೆ "ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಶನ್, ಬ್ಯಾಡ್ ಸೂಪರ್‌ಬ್ಲಾಕ್" ಅನ್ನುತ್ತದೆ. ಪೆನ್‌ಡ್ರೈವ್ ಹಾಳಾಯಿತಾ ಅಂತ ಹೆದರಿ ಹಳೇ ಕರ್ನಲ್‌ಗೆ ಹೋಗಿ ನೋಡಿದೆ. ಅಲ್ಲಿ ಚೆನ್ನಾಗಿಯೇ ಇದೆ. ಇದರಲ್ಲಿರುವುದು ಫ್ಯಾಟ್32. ವಿಫ್ಯಾಟ್ ಆಯ್ಕೆ ವೈ ಇದೆ, ನೋಡಿದ್ದೇನೆ.

ಮಳೆಹನಿ

ಪೆನ್‌ಡ್ರೈವ್‌ಗೆ ಏನೂ ಆಗಿಲ್ಲ. ದಯವಿಟ್ಟು ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಈ ಸಂದೇಶ ನೋಡಿ ಫಾರ್ಮ್ಯಾಟ್ ಮಾಡಿ, ಇದ್ದ ಫೋಟೋಗಳನ್ನೆಲ್ಲ ಕಳೆದುಕೊಂಡವರನ್ನು ನೋಡಿದ್ದೇನೆ. ಮೌಂಟ್ ಕಮಾಂಡ್ ಹೇಳುವುದು ಊಹೆಯ ಮಾತು. ನಿಜವಾದ ಕಾರಣ ಡಿಮೆಸೇಜ್‌ನಲ್ಲಿ ಇರುತ್ತದೆ. "ಕೋಡ್‌ಪೇಜ್ ಸಿಪಿ437 ನಾಟ್ ಫೌಂಡ್" ಅಥವಾ "ಐಓ ಚಾರ್‌ಸೆಟ್ ನಾಟ್ ಫೌಂಡ್" ಅಂತ ಇದೆಯಾ ನೋಡಿ.

ಕಲಿಕೆಯ_ಹಾದಿ

ಇದೆ! ಸಿಪಿ437 ಅಂತಲೇ ಇದೆ. ಅದೇನು ಮೇಡಂ?

ಮಳೆಹನಿ

ಫ್ಯಾಟ್ ಡಾಸ್ ಕಾಲದ ಫೈಲ್‌ಸಿಸ್ಟಂ. ಅದರಲ್ಲಿ ಫೈಲಿನ ಚಿಕ್ಕ ಹೆಸರುಗಳನ್ನು ಹಳೇ ಕೋಡ್‌ಪೇಜ್‌ನಲ್ಲಿ ಬರೆದಿರುತ್ತದೆ. ಅದನ್ನು ಓದಲು ಕರ್ನಲ್‌ಗೆ ಒಂದು ಅಕ್ಷರ ಪಟ್ಟಿ ಬೇಕು. ವಿಫ್ಯಾಟ್ ತಾನಾಗಿ ಕೇಳುವುದು ಕೋಡ್‌ಪೇಜ್ 437. ಉದ್ದ ಹೆಸರುಗಳನ್ನು ನಮಗೆ ತೋರಿಸಲು ಇನ್ನೊಂದು ಪಟ್ಟಿ ಬೇಕು. ಅದಕ್ಕೆ ಕಾನ್ಫಿಗ್‌ನಲ್ಲಿ ಸಾಮಾನ್ಯವಾಗಿ ಇರುವುದು ಐಎಸ್‌ಒ 8859-1. ಎರಡರಲ್ಲಿ ಒಂದು ಇಲ್ಲದಿದ್ದರೂ ಮೌಂಟ್ ಆಗುವುದಿಲ್ಲ.

ಫೈಲ್ ಸಿಸ್ಟಂಸ್ ಮೆನುವಿನ ಕೊನೆಯ ಕಡೆ "ನೇಟಿವ್ ಲ್ಯಾಂಗ್ವೇಜ್ ಸಪೋರ್ಟ್" ಅಂತ ಇದೆ. ಒಳಗೆ ಹೋಗಿ ಕೋಡ್‌ಪೇಜ್ 437, ಐಎಸ್‌ಒ 8859-1, ಯುಟಿಎಫ್-8 ಈ ಮೂರನ್ನು ಹಾಕಿ. ಪೆನ್‌ಡ್ರೈವ್‌ನಲ್ಲಿ ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳಿದ್ದರೆ ಮೌಂಟ್ ಮಾಡುವಾಗ ಯುಟಿಎಫ್8 ಆಯ್ಕೆ ಕೊಡಿ. ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ನಮ್ಮ ಭಾಷೆಯಲ್ಲಿ ಹೆಸರಿಡುವವರು ಇದನ್ನು ಮರೆಯಬಾರದು.

ಅಲ್ಲಿಗೆ ಹೋದಾಗಲೇ ಎಕ್ಸ್‌ಫ್ಯಾಟ್ ಕೂಡ ಹಾಕಿಬಿಡಿ. 64 ಜಿಬಿ ಮತ್ತು ಮೇಲಿನ ಮೆಮೊರಿ ಕಾರ್ಡ್‌ಗಳು ಅದರಲ್ಲೇ ಬರುತ್ತವೆ. 2020ರಲ್ಲಿ ಬಂದ 5.7 ಕರ್ನಲ್‌ನಿಂದ ಅದರ ಒಳ್ಳೆಯ ಡ್ರೈವರ್ ಒಳಗೇ ಇದೆ. ಎನ್‌ಟಿಎಫ್‌ಎಸ್ ಬೇಕಾದರೆ 2021ರ 5.15ರಿಂದ ಎನ್‌ಟಿಎಫ್‌ಎಸ್3 ಇದೆ.

ಬೀಸುಗಾಳಿ

ಇದೇ ಚರ್ಚೆಯಲ್ಲಿ ನನ್ನದೊಂದು ಕೇಳಬಹುದಾ? ನಾನು ಕಾನ್ಫಿಗ್ ಮುಟ್ಟೇ ಇಲ್ಲ. ವಿತರಣೆಯದ್ದೇ ಕರ್ನಲ್. ಬೆಳಿಗ್ಗೆ ಪೆನ್‌ಡ್ರೈವ್ ಸರಿ ಇತ್ತು. ಮಧ್ಯಾಹ್ನ ಸಿಸ್ಟಂ ಅಪ್‌ಡೇಟ್ ಮಾಡಿದೆ. ಸಂಜೆ ಪೆನ್‌ಡ್ರೈವ್ ಕಾಣುತ್ತಿಲ್ಲ.

ಹಳೇ_ಕೀಬೋರ್ಡ್

ರೀಸ್ಟಾರ್ಟ್ ಮಾಡಿ, ಸರಿ ಹೋಗುತ್ತದೆ.

ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ ಬಂದಿದೆ, ಹಳೆಯದರ ಮಾಡ್ಯೂಲ್ ಫೋಲ್ಡರ್ ಅಳಿಸಿಹೋಗಿದೆ. ಆದರೆ ಮೆಮೊರಿಯಲ್ಲಿ ಓಡುತ್ತಿರುವುದು ಇನ್ನೂ ಹಳೇ ಕರ್ನಲ್. ಅದು ತನ್ನ ಆವೃತ್ತಿಯ ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್ ಹುಡುಕುತ್ತದೆ, ಸಿಗುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ. ಯುನೇಮ್ ಹೈಫನ್ ಆರ್ ಕೊಟ್ಟು ಬಂದ ಆವೃತ್ತಿಯ ಹೆಸರಿನ ಫೋಲ್ಡರ್ ಲಿಬ್ ಮಾಡ್ಯೂಲ್ಸ್ ಒಳಗೆ ಇದೆಯಾ ನೋಡಿ. ಸ್ವಂತ ಕರ್ನಲ್ ಕಟ್ಟುವವರಿಗೂ ಇದು ಆಗುತ್ತದೆ. ಮೇಕ್ ಮಾಡಿ, ಇಮೇಜ್ ಕಾಪಿ ಮಾಡಿ, "ಮಾಡ್ಯೂಲ್ಸ್ ಇನ್‌ಸ್ಟಾಲ್" ಮರೆತಿರುತ್ತಾರೆ.

ಬೀಸುಗಾಳಿ

ಸರಿ ಹೋಯಿತು ಸರ್. ಆ ಫೋಲ್ಡರ್ ನಿಜವಾಗಿಯೂ ಇರಲಿಲ್ಲ.

ಕಪ್ಪು_ಪರದೆ

ನನ್ನ ಕಥೆ ಬೇರೆ. ಹೊರಗಿನ ಎಸ್‌ಎಸ್‌ಡಿ, ಯುಎಸ್‌ಬಿ 3 ಡಬ್ಬಿಯಲ್ಲಿ ಇದೆ. ಕಾಣುತ್ತದೆ, ಮೌಂಟ್ ಆಗುತ್ತದೆ. ದೊಡ್ಡ ಫೈಲ್ ಕಾಪಿ ಮಾಡುವಾಗ ಅರ್ಧದಲ್ಲಿ 30 ಸೆಕೆಂಡ್ ನಿಂತು, ಆಮೇಲೆ ಡಿಸ್ಕ್ ಮಾಯ. ಒಮ್ಮೆ ಬ್ಯಾಕಪ್ ಅರ್ಧಕ್ಕೆ ಹಾಳಾಯಿತು. ಮೂರು ವಾರದಿಂದ ಇದರ ಹಿಂದೆ ಬಿದ್ದಿದ್ದೇನೆ. ಡಿಮೆಸೇಜ್‌ನಲ್ಲಿ "ಯುಎಎಸ್ ಇಎಚ್ ಅಬಾರ್ಟ್ ಹ್ಯಾಂಡ್ಲರ್" ಅಂತ ಸಾಲುಸಾಲು ಬರುತ್ತದೆ.

ಹಳೇ_ಕೀಬೋರ್ಡ್

ಬ್ಯಾಕಪ್ ಹಾಳಾದದ್ದು ಕೇಳಿ ಬೇಜಾರಾಯಿತು. ಇದಕ್ಕೆ ದಾರಿ ಇದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಯುಎಸ್‌ಬಿ ಡಿಸ್ಕ್‌ಗಳ ಜೊತೆ ಮಾತಾಡಲು ಎರಡು ಪದ್ಧತಿಗಳಿವೆ. ಹಳೆಯದರ ಹೆಸರು ಬಲ್ಕ್ ಓನ್ಲಿ. ಒಂದು ಆಜ್ಞೆ ಕಳಿಸು, ಡೇಟಾ ಸಾಗಿಸು, ಉತ್ತರ ತೆಗೆದುಕೊ, ಆಮೇಲೆ ಮುಂದಿನ ಆಜ್ಞೆ. ಒಂದು ಹೊತ್ತಿಗೆ ಒಂದೇ. ಪೆನ್‌ಡ್ರೈವ್‌ಗೆ ಇದು ಸಾಕು. ಎಸ್‌ಎಸ್‌ಡಿಗೆ ಸಾಲದು, ಯಾಕೆಂದರೆ ಹತ್ತಾರು ಆಜ್ಞೆಗಳನ್ನು ಒಟ್ಟಿಗೆ ಮಾಡುವ ಶಕ್ತಿ ಅದಕ್ಕಿದೆ. ಹೊಸ ಪದ್ಧತಿ ಯುಎಎಸ್ ಇದನ್ನು ಬಳಸಿಕೊಳ್ಳುತ್ತದೆ. ಆಜ್ಞೆಗೆ ಒಂದು ಕೊಳವೆ, ಸ್ಥಿತಿಗೆ ಒಂದು, ಡೇಟಾ ಬರಲು ಒಂದು, ಹೋಗಲು ಒಂದು, ಹೀಗೆ ನಾಲ್ಕು. ಉತ್ತರ ಬರುವ ತನಕ ಕಾಯದೆ ಆಜ್ಞೆಗಳನ್ನು ಸಾಲಾಗಿ ಕಳಿಸಬಹುದು. ಕರ್ನಲ್ ಆಯ್ಕೆಯೂ ಬೇರೆ, ಯುಎಸ್‌ಬಿ ಸ್ಟೋರೇಜ್‌ನ ಕೆಳಗೆ "ಯುಎಸ್‌ಬಿ ಅಟ್ಯಾಚ್ಡ್ ಸ್ಕಸಿ" ಅಂತ ಇದೆ.

ತೊಂದರೆ ಎಲ್ಲಿ ಅಂದರೆ, ಡಬ್ಬಿಯೊಳಗಿನ ಬ್ರಿಡ್ಜ್ ಚಿಪ್‌ಗಳಲ್ಲಿ (ಯುಎಸ್‌ಬಿಗೂ ಡಿಸ್ಕ್‌ಗೂ ನಡುವೆ ಇರುವವು) ಕೆಲವು ಯುಎಎಸ್ ಗೊತ್ತು ಅನ್ನುತ್ತವೆ, ಒತ್ತಡ ಬಿದ್ದಾಗ ತಡಬಡಾಯಿಸುತ್ತವೆ. ಅಂಥ ಸಾಧನಗಳದ್ದೇ ಒಂದು ಪಟ್ಟಿ ಕರ್ನಲ್ ಮೂಲದಲ್ಲಿದೆ. ನಿಮ್ಮದು ಅದರಲ್ಲಿ ಇರಲಿಕ್ಕಿಲ್ಲ.

ಆದರೆ ಮೊದಲು ಕೇಬಲ್ ಬದಲಿಸಿ ನೋಡಿ. ಹಬ್ ಇದ್ದರೆ ತೆಗೆದು ನೇರ ಹಾಕಿ. ಯುಎಸ್‌ಬಿ 3 ಪೋರ್ಟ್ ಕೊಡಲೇಬೇಕಾದ ಕರೆಂಟ್ 900 ಮಿಲಿಆಂಪ್, ಯುಎಸ್‌ಬಿ 2ರದ್ದು 500. ಡಿಸ್ಕ್‌ಗೆ ಅದು ಸಾಲದಿದ್ದರೂ ಇದೇ ಥರದ ದೋಷ ಬರುತ್ತದೆ. ಡಿಸ್ಕ್ ಸುಸ್ತಾಗಿ ಬಿದ್ದರೆ ಯಾವ ಕಾನ್ಫಿಗ್ ಕೂಡ ಎಬ್ಬಿಸುವುದಿಲ್ಲ.

ಅದರಿಂದಲೂ ಆಗದಿದ್ದರೆ ಆ ಒಂದು ಸಾಧನಕ್ಕೆ ಮಾತ್ರ ಯುಎಎಸ್ ನಿಲ್ಲಿಸಿ. ಎಲ್‌ಎಸ್‌ಯುಎಸ್‌ಬಿಯಲ್ಲಿ ಅದರ ಐಡಿ ಕೋಲನ್‌ನಿಂದ ಬೇರೆಯಾದ ಎರಡು ಸಂಖ್ಯೆಗಳಾಗಿ ಇರುತ್ತದೆ. ಯುಎಸ್‌ಬಿ ಸ್ಟೋರೇಜ್‌ನ "ಕ್ವರ್ಕ್ಸ್" ಪ್ಯಾರಾಮೀಟರ್‌ಗೆ ಆ ಐಡಿ, ಮತ್ತೊಂದು ಕೋಲನ್, ಕೊನೆಗೆ ಇಂಗ್ಲಿಷ್‌ನ ಸಣ್ಣ ಯು ಅಕ್ಷರ ಕೊಡಿ. ಡ್ರೈವರ್ ವೈ ಆಗಿದ್ದರೆ ಇದನ್ನು ಬೂಟ್‌ಲೋಡರ್‌ನ ಕರ್ನಲ್ ಸಾಲಿನಲ್ಲಿ ಬರೆಯಬೇಕು. ಎಂ ಆಗಿದ್ದರೆ ಮಾಡ್‌ಪ್ರೋಬ್ (ಮಾಡ್ಯೂಲ್ ಲೋಡ್ ಮಾಡುವ ಕಮಾಂಡ್) ಡಿ ಫೋಲ್ಡರ್‌ನ ಫೈಲ್‌ನಲ್ಲಿ ಬರೆಯಬೇಕು, ಮತ್ತು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಮಾಡ್ಯೂಲ್‌ಗಳನ್ನು ಒದಗಿಸುವ ಚಿಕ್ಕ ಕಟ್ಟು) ಮತ್ತೆ ಕಟ್ಟಬೇಕು. ಬಹಳ ಜನ ಈ ಕೊನೆಯದನ್ನು ಬಿಟ್ಟು, ಕ್ವರ್ಕ್ ಕೆಲಸ ಮಾಡಲ್ಲ ಅನ್ನುತ್ತಾರೆ.

ಒಂದು ವೇಳೆ ಡಿಸ್ಕ್‌ನ ಆರೋಗ್ಯ ನೋಡುವ ಸ್ಮಾರ್ಟ್ ಸೇವೆ ಓಡಿದಾಗ ಮಾತ್ರ ಹೀಗಾಗುತ್ತಿದ್ದರೆ ಯು ಬದಲು ಟಿ ಹಾಕಿ ನೋಡಿ. ಆಗ ಯುಎಎಸ್ ಉಳಿಯುತ್ತದೆ, ಎಟಿಎ ಆಜ್ಞೆಗಳನ್ನು ದಾಟಿಸುವುದು ಮಾತ್ರ ನಿಲ್ಲುತ್ತದೆ.

ಕಪ್ಪು_ಪರದೆ

ಕೇಬಲ್ ಎರಡು ಬದಲಿಸಿ ನೋಡಿದೆ, ಅದೇ ಪಾಡು. ಯು ಹಾಕಿ ರೀಸ್ಟಾರ್ಟ್ ಮಾಡಿದೆ. ಎಲ್‌ಎಸ್‌ಯುಎಸ್‌ಬಿಯಲ್ಲಿ ಡ್ರೈವರ್ ಯುಎಎಸ್ ಇದ್ದದ್ದು ಈಗ ಯುಎಸ್‌ಬಿ ಸ್ಟೋರೇಜ್ ಅಂತ ಆಗಿದೆ. 200 ಜಿಬಿ ಕಾಪಿ ಒಂದೇ ಉಸಿರಿಗೆ ಮುಗಿಯಿತು. ಸಣ್ಣ ಫೈಲ್‌ಗಳಿಗೆ ಸ್ವಲ್ಪ ನಿಧಾನ ಅನ್ನಿಸಿತು. ಪರವಾಗಿಲ್ಲ, ನನಗೆ ಬ್ಯಾಕಪ್ ಮುಖ್ಯ. ಮೂರು ವಾರದ ತಲೆನೋವು ಹೋಯಿತು, ನಿಮ್ಮ ಉಪಕಾರ ಮರೆಯಲ್ಲ ಸರ್.

ಡೀಮನ್_ಬಳಗ

ನಾನು ಫ್ರೀಬಿಎಸ್‌ಡಿ (ಲಿನಕ್ಸ್ ಥರದ ಇನ್ನೊಂದು ಸಿಸ್ಟಂ) ಕಡೆಯವನು. ಅಲ್ಲಿ ಈ ಸರಪಳಿ ಕಾನ್ಫಿಗ್ ಫೈಲ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ಎಕ್ಸ್‌ಎಚ್‌ಸಿಐ, ಇಎಚ್‌ಸಿಐ, ಯುಎಸ್‌ಬಿ, ಯುಮಾಸ್, ಎಸ್‌ಸಿಬಸ್, ಡಿಎ, ಪಾಸ್, ಇಷ್ಟೂ "ಡಿವೈಸ್" ಸಾಲುಗಳು. ಯುಮಾಸ್ ಪೆನ್‌ಡ್ರೈವ್ ಹಿಡಿಯುತ್ತದೆ. ಎಸ್‌ಸಿಬಸ್ ಸ್ಕಸಿ ಬಸ್. ಡಿಎ ಡಿಸ್ಕ್, ಹಾಗಾಗಿ ಮೊದಲ ಪೆನ್‌ಡ್ರೈವ್ ಡಿಎ0 ಆಗುತ್ತದೆ. ಡಿಸ್ಕ್ ನಿಭಾಯಿಸುವ ಕ್ಯಾಮ್‌ಕಂಟ್ರೋಲ್ ಕಮಾಂಡ್ ನೇರ ಆಜ್ಞೆ ಕಳಿಸುವುದು ಪಾಸ್ ಮೂಲಕ.

ಸಿಸ್ಟಂ ಜೊತೆ ಬರುವ ಜೆನೆರಿಕ್ ಕರ್ನಲ್‌ನಲ್ಲಿ ಇವೆಲ್ಲ ಮೊದಲೇ ಇವೆ. ಸ್ವಂತದ್ದು ಮಾಡುವವರು ಜೆನೆರಿಕ್ ಫೈಲನ್ನೇ ಪೂರ್ತಿ ನಕಲು ಮಾಡಬೇಡಿ. "ಇನ್‌ಕ್ಲೂಡ್ ಜೆನೆರಿಕ್" ಅಂತ ಒಂದು ಸಾಲು ಬರೆದು, ಬೇಡದ್ದನ್ನು "ನೋಡಿವೈಸ್" ಅಂತ ತೆಗೆಯಿರಿ. ಆಗ ಮುಂದಿನ ಆವೃತ್ತಿಯಲ್ಲಿ ಹೊಸದಾಗಿ ಸೇರಿದ್ದು ತಪ್ಪಿಹೋಗುವುದಿಲ್ಲ. ನಮ್ಮಲ್ಲೂ ಸ್ಕಸಿ ಡಿಸ್ಕ್ ಇಲ್ಲದವರು ಸ್ಕಸಿ ಯಾಕೆ ಅಂತ ಡಿಎ ತೆಗೆದುಹಾಕಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಕಲಿಕೆಯ ಹಾದಿಯವರಿಗೆ ಆದದ್ದೇ ಅದು.

ಸರ್ವರ್_ಕಾವಲು

ನನ್ನ ಅಗತ್ಯ ಉಲ್ಟಾ. ಕೆಲವು ಯಂತ್ರಗಳಲ್ಲಿ ಯಾರೂ ಪೆನ್‌ಡ್ರೈವ್ ಬಳಸಬಾರದು. ಮಾಡ್‌ಪ್ರೋಬ್‌ನಲ್ಲಿ ಬ್ಲಾಕ್‌ಲಿಸ್ಟ್ ಹಾಕಿದರೆ ಸಾಕಾ?

ಹಳೇ_ಕೀಬೋರ್ಡ್

ಸಾಲದು. ಬ್ಲಾಕ್‌ಲಿಸ್ಟ್ ತಡೆಯುವುದು ಸಾಧನ ಹಾಕಿದಾಗ ತಾನಾಗಿ ಲೋಡ್ ಆಗುವುದನ್ನು ಮಾತ್ರ. ಯಾರಾದರೂ ಮಾಡ್‌ಪ್ರೋಬ್‌ಗೆ ಹೆಸರು ಹೇಳಿದರೆ ಲೋಡ್ ಆಗುತ್ತದೆ. ಅದರ ಬದಲು "ಇನ್‌ಸ್ಟಾಲ್" ಸಾಲು ಬರೆದು, ಯುಎಸ್‌ಬಿ ಸ್ಟೋರೇಜ್ ಮತ್ತು ಯುಎಎಸ್ ಎರಡಕ್ಕೂ ಬಿನ್ ಫಾಲ್ಸ್ ಕಮಾಂಡ್ ಕೊಡಿ. ಕರ್ನಲ್‌ನಲ್ಲಿ ಇವು ವೈ ಆಗಿದ್ದರೆ ಮಾಡ್‌ಪ್ರೋಬ್‌ನ ಯಾವ ನಿಯಮವೂ ನಡೆಯುವುದಿಲ್ಲ, ನೆನಪಿರಲಿ. ಸ್ವಂತ ಕರ್ನಲ್ ಕಟ್ಟುವುದಾದರೆ ಆಯ್ಕೆಯನ್ನೇ ತೆಗೆಯಿರಿ. ಮಾಡ್ಯೂಲ್ ಫೈಲೇ ಇಲ್ಲದ ಮೇಲೆ ಲೋಡ್ ಮಾಡಲು ಏನಿದೆ?

ಆದರೆ ಇದು ಡಿಸ್ಕ್‌ಗೆ ಮಾತ್ರ ತಡೆ. ಫೋನ್ ಹಾಕಿ ಎಂಟಿಪಿಯಲ್ಲಿ ಫೈಲ್ ಸಾಗಿಸಿದರೆ ಅದು ಯುಎಸ್‌ಬಿ ಸ್ಟೋರೇಜ್ ಡ್ರೈವರ್ ಅನ್ನು ಬಳಸುವುದೇ ಇಲ್ಲ. ಇನ್ನು ಪೆನ್‌ಡ್ರೈವ್ ರೂಪದಲ್ಲಿದ್ದು ಕೀಬೋರ್ಡ್ ಥರ ನಡೆದುಕೊಳ್ಳುವ ಸಾಧನಗಳ ಬಗ್ಗೆ 2014ರಲ್ಲೇ ಬ್ಯಾಡ್‌ಯುಎಸ್‌ಬಿ ಹೆಸರಿನಲ್ಲಿ ಬಹಿರಂಗವಾಗಿ ತೋರಿಸಿದ್ದಾರೆ. ನಿಮಗೆ ನಿಜವಾಗಿಯೂ ಬಿಗಿ ಬೇಕಾದರೆ ಯುಎಸ್‌ಬಿಗಾರ್ಡ್ ನೋಡಿ. ಒಪ್ಪಿಗೆ ಕೊಟ್ಟ ಸಾಧನ ಬಿಟ್ಟು ಉಳಿದದ್ದಕ್ಕೆ ಯಾವ ಡ್ರೈವರ್ ಕೂಡ ಅಂಟಿಕೊಳ್ಳದ ಹಾಗೆ ಮಾಡಬಹುದು.

ಮಿಂಚುಹುಳ

ಪೆನ್‌ಡ್ರೈವ್‌ನಿಂದಲೇ ಪೂರ್ತಿ ಸಿಸ್ಟಂ ಬೂಟ್ ಮಾಡಲು ನೋಡುತ್ತಿದ್ದೇನೆ, ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ. ಗ್ರಬ್ (ಬೂಟ್‌ಲೋಡರ್) ಬರುತ್ತದೆ, ಕರ್ನಲ್ ಲೋಡ್ ಆಗುತ್ತದೆ, ಆಮೇಲೆ ಪ್ಯಾನಿಕ್, ಅಂದರೆ ಕರ್ನಲ್ ಕೈಚೆಲ್ಲಿ ನಿಲ್ಲುತ್ತದೆ. "ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ 0,0". ಗ್ರಬ್‌ಗೆ ಕಂಡ ಪೆನ್‌ಡ್ರೈವ್ ಕರ್ನಲ್‌ಗೆ ಯಾಕೆ ಕಾಣುವುದಿಲ್ಲ?

ಮಳೆಹನಿ

ಒಳ್ಳೆಯ ಪ್ರಶ್ನೆ. ಗ್ರಬ್ ಪೆನ್‌ಡ್ರೈವ್ ಓದಿದ್ದು ಯಂತ್ರದ ಫರ್ಮ್‌ವೇರ್ ನೆರವಿನಿಂದ. ಕರ್ನಲ್ ಅಧಿಕಾರ ತೆಗೆದುಕೊಂಡ ಕೂಡಲೇ ಆ ನೆರವು ನಿಲ್ಲುತ್ತದೆ. ಕರ್ನಲ್ ತನ್ನದೇ ಡ್ರೈವರ್‌ಗಳಿಂದ ಪೆನ್‌ಡ್ರೈವ್ ಅನ್ನು ಮತ್ತೆ ಹುಡುಕಬೇಕು. ಡ್ರೈವರ್‌ಗಳು ಮಾಡ್ಯೂಲ್ ಆಗಿ ಆ ಪೆನ್‌ಡ್ರೈವ್‌ನಲ್ಲೇ ಕೂತಿದ್ದರೆ? ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆಯೊಳಗೇ ಇದ್ದ ಹಾಗೆ. ಹಾಗಾಗಿ ಎಕ್ಸ್‌ಎಚ್‌ಸಿಐ, ಎಕ್ಸ್‌ಎಚ್‌ಸಿಐ ಪಿಸಿಐ, ಯುಎಸ್‌ಬಿ ಸ್ಟೋರೇಜ್, ಸ್ಕಸಿ, ಸ್ಕಸಿ ಡಿಸ್ಕ್, ಜಿಪಿಟಿ ಪಾರ್ಟಿಶನ್ ಟೇಬಲ್ ಓದುವ ಇಎಫ್‌ಐ ಪಾರ್ಟಿಶನ್, ಎಕ್ಸ್‌ಟಿ4, ಎಲ್ಲ ವೈ ಇರಬೇಕು.

ಪ್ಯಾನಿಕ್ ಸಾಲಿನ ಆ ಎರಡು ಸಂಖ್ಯೆಗಳಿಗೂ ಅರ್ಥ ಇದೆ. 0,0 ಅಂದರೆ ಡಿಸ್ಕೇ ಸಿಕ್ಕಿಲ್ಲ. 8,2 ಅಂತ ಏನಾದರೂ ಬಂದಿದ್ದರೆ ಡಿಸ್ಕ್ ಸಿಕ್ಕಿದೆ, ಫೈಲ್‌ಸಿಸ್ಟಂ ಗೊತ್ತಾಗಿಲ್ಲ ಅಂತ. ಎಸ್‌ಡಿ ಡಿಸ್ಕ್‌ಗಳ ಮೇಜರ್ ಸಂಖ್ಯೆ 8.

ಮಿಂಚುಹುಳ

ಎಲ್ಲ ವೈ ಮಾಡಿದೆ ಅಕ್ಕ. ಈಗಲೂ 0,0. ಆದರೆ ಪ್ಯಾನಿಕ್ ಆಗುವ ಸ್ವಲ್ಪ ಮೊದಲು ಪರದೆ ಮೇಲೆ "ಯುಎಸ್‌ಬಿ ಮಾಸ್ ಸ್ಟೋರೇಜ್ ಡಿವೈಸ್ ಡಿಟೆಕ್ಟೆಡ್" ಅಂತ ಬಂತು!

ಮಳೆಹನಿ

ಹಾಗಾದರೆ ಇನ್ನು ಸ್ವಲ್ಪವೇ ಬಾಕಿ. ಯುಎಸ್‌ಬಿ ಹುಡುಕಾಟ ಹಿಂದಿನಿಂದ ನಡೆಯುತ್ತಿರುತ್ತದೆ. ಯುಎಸ್‌ಬಿ ಸ್ಟೋರೇಜ್ ಬೇಕೆಂದೇ ಒಂದು ಸೆಕೆಂಡ್ ಕಾದು ಡಿಸ್ಕ್ ಕೇಳುತ್ತದೆ. ಕರ್ನಲ್ ಅಷ್ಟು ಹೊತ್ತು ಕಾಯದೆ ರೂಟ್ (ಸಿಸ್ಟಂ ಇರುವ ಪಾರ್ಟಿಶನ್) ಹುಡುಕಿ ಸೋತಿದೆ. ಬೂಟ್ ಸಾಲಿಗೆ "ರೂಟ್‌ವೇಟ್" ಸೇರಿಸಿ. ಡಿಸ್ಕ್ ಬರುವ ತನಕ ಕಾಯುತ್ತದೆ.

ರೂಟ್ ಅನ್ನು ಎಸ್‌ಡಿಎ2 ಅಂತ ಬರೆಯಬೇಡಿ, ಬೇರೆ ಯಂತ್ರದಲ್ಲಿ ಅದು ಎಸ್‌ಡಿಬಿ2 ಆಗಬಹುದು. ಪಾರ್ಟ್‌ಯುಯುಐಡಿ ಬರೆಯಿರಿ. ಬರೀ ಯುಯುಐಡಿ ಬರೆದರೆ ಆಗುವುದಿಲ್ಲ, ಯಾಕೆಂದರೆ ಅದು ಫೈಲ್‌ಸಿಸ್ಟಂನ ಒಳಗಿನ ಗುರುತು, ಅದನ್ನು ಹುಡುಕಿಕೊಡಲು ಇನಿಟ್‌ರಾಮ್‌ಎಫ್‌ಎಸ್ ಬೇಕು. ಪಾರ್ಟಿಶನ್‌ನ ಗುರುತನ್ನು ಕರ್ನಲ್ ತಾನೇ ಓದಬಲ್ಲದು.

ಮಿಂಚುಹುಳ

ಲಾಗಿನ್ ಬಂತು ಅಕ್ಕ! ಎರಡು ಬೇರೆ ಲ್ಯಾಪ್‌ಟಾಪ್‌ಗಳಲ್ಲೂ ಬೂಟ್ ಆಯಿತು.

ಕಲಿಕೆಯ_ಹಾದಿ

ಎಲ್ಲರಿಗೂ ಮತ್ತೆ ನಮಸ್ಕಾರ. ಕೋಡ್‌ಪೇಜ್ ಹಾಕಿದ ಮೇಲೆ ಪೆನ್‌ಡ್ರೈವ್ ಪೂರ್ತಿ ಸರಿ ಆಯಿತು. ಕನ್ನಡ ಹೆಸರಿನ ಫೈಲ್‌ಗಳೂ ಚೆನ್ನಾಗಿ ಕಾಣುತ್ತಿವೆ. ಎಕ್ಸ್‌ಫ್ಯಾಟ್ ಕೂಡ ಹಾಕಿದ್ದೇನೆ.

ಒಂದೇ ಒಂದು ಉಳಿದಿದೆ. ಲ್ಯಾಪ್‌ಟಾಪ್‌ನ ಕಾರ್ಡ್ ರೀಡರ್‌ಗೆ ಎಸ್‌ಡಿ ಕಾರ್ಡ್ ಹಾಕಿದರೆ ಡಿಮೆಸೇಜ್‌ನಲ್ಲಿ ಒಂದು ಸಾಲೂ ಬರುವುದಿಲ್ಲ. ಈ ಸಲ ಆಯ್ಕೆ ಕೇಳುವ ಮೊದಲು ನಾನೇ ನೋಡಿದೆ. ಎಲ್‌ಎಸ್‌ಯುಎಸ್‌ಬಿಯಲ್ಲಿ ರೀಡರ್ ಇಲ್ಲ. ಪಿಸಿಐ ಸಾಧನಗಳನ್ನು ತೋರಿಸುವ ಎಲ್‌ಎಸ್‌ಪಿಸಿಐಯಲ್ಲಿ ಇದೆ, ರಿಯಲ್‌ಟೆಕ್ ಅಂತ. ಅಂದರೆ ಇದು ಯುಎಸ್‌ಬಿ ಸರಪಳಿಗೇ ಸೇರಿದ್ದಲ್ಲ, ಅಲ್ವಾ ಸರ್?

ಹಳೇ_ಕೀಬೋರ್ಡ್

ಸರಿಯಾಗಿ ಹಿಡಿದಿರಿ. ಅದು ಪಿಸಿಐ ಎಕ್ಸ್‌ಪ್ರೆಸ್ ಮೇಲೆ ಕೂತಿದೆ, ಹೋಗುವುದು ಎಂಎಂಸಿ (ಮೆಮೊರಿ ಕಾರ್ಡ್) ಪದರದ ಮೂಲಕ. ಸ್ಕಸಿಗೂ ಅದಕ್ಕೂ ಸಂಬಂಧ ಇಲ್ಲ. ಎಂಎಂಸಿ ಸಪೋರ್ಟ್, ಎಂಎಂಸಿ ಬ್ಲಾಕ್ ಡಿವೈಸ್, ಮಿಸ್ಕ್ ಡಿವೈಸಸ್ ಒಳಗಿನ ರಿಯಲ್‌ಟೆಕ್ ಪಿಸಿಐ ಕಾರ್ಡ್ ರೀಡರ್, ಎಂಎಂಸಿ ಮೆನುವಿನ ಒಳಗಿನ ರಿಯಲ್‌ಟೆಕ್ ಪಿಸಿಐ ಎಸ್‌ಡಿ ಡ್ರೈವರ್, ಈ ನಾಲ್ಕನ್ನು ಹಾಕಿ. ಎಸ್‌ಡಿಬಿ ಹುಡುಕಬೇಡಿ. ಎಂಎಂಸಿಬಿಎಲ್‌ಕೆ0 ಅಂತ ಬರುತ್ತದೆ.

ಕಲಿಕೆಯ_ಹಾದಿ

ಬಂತು ಸರ್. ಎಂಎಂಸಿಬಿಎಲ್‌ಕೆ0ಪಿ1. ಎಕ್ಸ್‌ಫ್ಯಾಟ್ ಆಗಿಯೇ ಮೌಂಟ್ ಆಯಿತು. ಈಗ ಯುಎಎಸ್ ಕೂಡ ಹಾಕಿ ಮತ್ತೊಮ್ಮೆ ಕಟ್ಟುತ್ತಿದ್ದೇನೆ, ಗೆಳೆಯನ ಎಸ್‌ಎಸ್‌ಡಿ ನಾಳೆ ಸಿಗುತ್ತದೆ.